ನೆರವಿನಿಂದ ಸ್ವಂತ ದುಡಿಮೆಗೆ ಸಾಗುವ ಕುಟುಂಬಗಳಿಗಾಗಿ ದೇಣಿಗೆ ಮನವಿ

ಮಾನ್ಯರೇ,

ಸರ್ಕಾರದ ಸಹಾಯಧನದಲ್ಲೇ ದಿನ ದೂಡುತ್ತಿದ್ದ ಮನೆಯೊಂದರ ತಾಯಿಗೆ ಕೆಲಸ ಸಿಕ್ಕಿತು ಎಂದುಕೊಳ್ಳಿ. ನೋಡುವವರಿಗೆ ಕಷ್ಟ ಕಳೆಯಿತು ಅನಿಸುತ್ತದೆ. ಆಕೆಗೆ ಚಿಂತೆ ಶುರುವಾಗುವುದೇ ಅಂದು. ಸಂಬಳ ಬರುವುದು ತಿಂಗಳು ತುಂಬಿದ ಮೇಲೆ, ಓಡಾಟದ ಖರ್ಚು ಮೊದಲ ದಿನದಿಂದಲೇ. ಮಗುವನ್ನು ಯಾರ ಬಳಿ ಬಿಡಬೇಕು? ಮಗುವಿಗೆ ಜ್ವರ ಬಂದು ಎರಡು ದಿನ ರಜೆ ಹಾಕಿದರೆ ಕೆಲಸ ಉಳಿಯುತ್ತದೆಯೇ? ಇದರ ಜೊತೆಗೆ, ಎಷ್ಟೋ ಯೋಜನೆಗಳಲ್ಲಿ ಮನೆಯ ಆದಾಯ ಮಿತಿಯನ್ನು ಚೂರು ದಾಟಿದರೂ ಇಡೀ ಸೌಲಭ್ಯ ಕೈತಪ್ಪುತ್ತದೆ. ಆಹಾರದ ನೆರವು, ಚಿಕಿತ್ಸೆಯ ನೆರವು, ಬಾಡಿಗೆಯ ನೆರವು ಹೀಗೆ ಒಂದೊಂದೇ ನಿಂತರೆ, ದುಡಿದು ತಂದದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚಾಗಬಹುದು.

ಇಂಥ ಹೊತ್ತಿನಲ್ಲಿ ಹೆಚ್ಚಿನ ಸಂಬಳದ ಕೆಲಸವನ್ನು ಬೇಡ ಎನ್ನುವವರಿದ್ದಾರೆ. ಅವರನ್ನು ಸೋಮಾರಿಗಳು ಎನ್ನುವುದು ಬಹಳ ಸುಲಭ. ಆದರೆ ಅವರು ಮಾಡಿದ್ದು ಮಕ್ಕಳ ಹೊಟ್ಟೆಯ ಲೆಕ್ಕ, ಮತ್ತು ಆ ಲೆಕ್ಕ ಸರಿಯಾಗಿಯೇ ಇರುತ್ತದೆ. ಪುಕ್ಕಟೆ ಕೊಟ್ಟರೆ ಜನ ದುಡಿಯುವುದನ್ನೇ ಬಿಡುತ್ತಾರೆ ಎಂಬ ಮಾತನ್ನು ದೇಣಿಗೆ ಕೇಳಲು ಹೋದಲ್ಲೆಲ್ಲ ಕೇಳುತ್ತೇವೆ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು 6 ದೇಶಗಳಲ್ಲಿ ನಡೆದ 7 ನಗದು ನೆರವಿನ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆರವು ಪಡೆದವರು ದುಡಿಮೆ ಕಡಿಮೆ ಮಾಡಿದರು ಎನ್ನುವುದಕ್ಕೆ ಪುರಾವೆ ಸಿಗಲಿಲ್ಲ. ದಯವಿಟ್ಟು ಆ ಅನುಮಾನವನ್ನು ಪಕ್ಕಕ್ಕಿಟ್ಟು ಈ ಮನವಿಯನ್ನು ಓದಿ.

ನಮ್ಮ ಟ್ರಸ್ಟ್ ಕೈಗೆತ್ತಿಕೊಂಡಿರುವುದು ನೆರವು ಕಳಚಿಕೊಳ್ಳುವ ದಿನದಿಂದ ದುಡಿಮೆ ನೆಲೆಯೂರುವ ದಿನದವರೆಗಿನ ಕಾಲವನ್ನು. ಒಂದು ಕುಟುಂಬಕ್ಕೆ ಸುಮಾರು ಎರಡು ವರ್ಷ. ಸರ್ಕಾರದ ಯೋಜನೆಗಳು ಬಡವರನ್ನು ಗುರುತಿಸುತ್ತವೆ, ಕಂಪನಿಗಳು ಕೆಲಸ ಬಲ್ಲವರನ್ನು ಗುರುತಿಸುತ್ತವೆ. ಇವೆರಡರ ಮಧ್ಯೆ ಇರುವವರ ಕಡೆ ನೋಡುವವರು ಕಡಿಮೆ.

ಎರಡು ವರ್ಷವೇ ಏಕೆ? ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಕಡುಬಡ ಕುಟುಂಬಗಳಿಗಾಗಿ ಒಂದು ಕಾರ್ಯಕ್ರಮ ಆರಂಭಿಸಿತು. ದುಡಿಮೆಗೊಂದು ಆಸ್ತಿ (ಹಸು, ಮೇಕೆ ಅಥವಾ ಸಣ್ಣ ವ್ಯಾಪಾರದ ಸರಕು), ಅದು ಫಲ ಕೊಡುವವರೆಗೆ ಊಟಕ್ಕೆ ಒಂದಿಷ್ಟು ಹಣ, ತರಬೇತಿ, ಉಳಿತಾಯ, ಆರೋಗ್ಯದ ನೆರವು, ಮತ್ತೆ ಮತ್ತೆ ಮನೆಗೆ ಬಂದು ವಿಚಾರಿಸುವ ಒಬ್ಬ ಕಾರ್ಯಕರ್ತೆ. ಎಲ್ಲವೂ ಒಟ್ಟಿಗೆ, ಸುಮಾರು ಎರಡು ವರ್ಷ, ಆಮೇಲೆ ಬೀಳ್ಕೊಡುಗೆ. ಇದೇ ಮಾದರಿಯನ್ನು ಇಥಿಯೋಪಿಯ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ದೇಶಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಹೊರಬಂತು. ಒಟ್ಟಾರೆಯಾಗಿ, ನೆರವು ನಿಂತು ಒಂದು ವರ್ಷವಾದ ಮೇಲೂ ಆ ಮನೆಗಳ ಸ್ಥಿತಿ ಮೊದಲಿಗಿಂತ ಮೇಲಿತ್ತು. ಪಶ್ಚಿಮ ಬಂಗಾಳದಲ್ಲಿ ಹತ್ತು ವರ್ಷದ ಬಳಿಕ ಹೋಗಿ ನೋಡಿದಾಗಲೂ ಏಳಿಗೆ ಉಳಿದಿತ್ತು. ಅಲ್ಲಿನ ಒಂದು ಸಂಗತಿ ನಮಗೆ ತುಂಬ ಮುಖ್ಯ ಅನಿಸುತ್ತದೆ. ಹತ್ತು ವರ್ಷದ ಹೊತ್ತಿಗೆ ಹಲವು ಮನೆಗಳು ಮೊದಲು ಸಿಕ್ಕ ದನಕರುವಿಗೇ ಅಂಟಿಕೊಂಡಿರಲಿಲ್ಲ, ಬೇರೆ ಊರಿಗೆ ಹೋಗಿ ಹೆಚ್ಚು ಕೂಲಿಯ ಕೆಲಸ ಹಿಡಿದಿದ್ದವು. ಹಸು ಆ ಮನೆಗಳಿಗೆ ಉಸಿರಾಡಲು ಬಿಡುವು ಕೊಟ್ಟಿತ್ತು, ಮುಂದಿನ ದಾರಿಯನ್ನು ಅವರೇ ಹುಡುಕಿಕೊಂಡರು.

ಸೋತ ಕಡೆಯನ್ನೂ ಹೇಳಬೇಕು. ಹೊಂಡುರಾಸ್‌ನಲ್ಲಿ ಬಹಳ ಮಂದಿಗೆ ಕೋಳಿ ಕೊಡಲಾಗಿತ್ತು, ರೋಗ ಬಂದು ಅನೇಕ ಕೋಳಿಗಳು ಸತ್ತವು, ಅಲ್ಲಿನ ಆಸ್ತಿ ಹೆಚ್ಚಲಿಲ್ಲ. ಘಾನಾದಲ್ಲಿ ಕೆಲವರಿಗೆ ಮೇಕೆ ಮಾತ್ರ ಕೊಟ್ಟು ನೋಡಿದರು. ಪೂರ್ಣ ಕಾರ್ಯಕ್ರಮ ಪಡೆದವರಂತೆ ಅವರ ಏಳಿಗೆ ಬಾಳಲಿಲ್ಲ. ಬಾಂಗ್ಲಾದೇಶದ ಕುಟುಂಬಗಳನ್ನು 11 ವರ್ಷ ಗಮನಿಸಿದ ಇನ್ನೊಂದು ಅಧ್ಯಯನದಲ್ಲಿ, ಆಸ್ತಿ ಒಂದು ಮಟ್ಟವನ್ನು ದಾಟಿದ ಮನೆಗಳು ಮೇಲಕ್ಕೇರುತ್ತ ಹೋದವು, ಆ ಮಟ್ಟಕ್ಕೆ ಸ್ವಲ್ಪ ಕೆಳಗೇ ನಿಂತವು ಮತ್ತೆ ಹಳೆಯ ಬಡತನಕ್ಕೆ ಜಾರಿದವು. ಅರ್ಧ ನೆರವು ಕೊಟ್ಟು ಬಿಡುವುದೆಂದರೆ ನಡುನೀರಿನಲ್ಲಿ ಕೈಬಿಟ್ಟ ಹಾಗೆ. ಅದಕ್ಕೇ ನೂರು ಮನೆಗಳಿಗೆ ಹಂಚಿ ಹೆಸರು ಮಾಡುವ ಬದಲು, ದೇಣಿಗೆ ಎಷ್ಟು ಮನೆಗಳಿಗೆ ಕೊನೆಯವರೆಗೆ ಸಾಲುತ್ತದೋ ಅಷ್ಟನ್ನೇ ನಾವು ಸೇರಿಸಿಕೊಳ್ಳುತ್ತೇವೆ.

ನಿಮ್ಮ ಹಣ ಎಲ್ಲಿಗೆ ಹೋಗುತ್ತದೆ? ದೊಡ್ಡ ಪಾಲು ಮನೆಮನೆಗೆ ಹೋಗುವ ಕಾರ್ಯಕರ್ತೆಯರ ಸಂಬಳಕ್ಕೆ. ಇದನ್ನು ಆಡಳಿತ ವೆಚ್ಚ ಎಂದು ಕರೆದು ಮೂಗು ಮುರಿಯುವವರಿದ್ದಾರೆ. ನಾವು ಮುಚ್ಚಿಡದೆ, ತಲೆ ಎತ್ತಿಯೇ ಇದನ್ನು ಕೇಳುತ್ತಿದ್ದೇವೆ. ಯಾವ ಅರ್ಜಿಗೆ ಯಾವ ದಾಖಲೆ, ಆದಾಯ ಎಷ್ಟಾದರೆ ಯಾವ ಸೌಲಭ್ಯ ನಿಲ್ಲುತ್ತದೆ, ಮಾಲೀಕರು ಸಂಬಳ ತಡಮಾಡಿದರೆ ಹೇಗೆ ಕೇಳಬೇಕು, ಸಾಲ ಕೊಟ್ಟವರು ಬಾಗಿಲಿಗೆ ಬಂದರೆ ಏನು ಮಾಡಬೇಕು, ಇವೆಲ್ಲವನ್ನೂ ಕೂತು ಮಾತಾಡುವವರು ಆಕೆ. ಹೊಲಿಗೆ ಯಂತ್ರ ಕೊಟ್ಟು ಫೋಟೊ ತೆಗೆಸಿಕೊಂಡು ಬರುವುದು ಒಂದು ದಿನದ ಕೆಲಸ. ಆ ಯಂತ್ರ ಆರು ತಿಂಗಳ ಮೇಲೂ ಗಿರವಿಗೆ ಹೋಗದೆ ಮನೆಯಲ್ಲೇ ಇರಬೇಕಾದರೆ ಆಕೆಯಂಥವರು ಬೇಕು.

ಉಳಿದದ್ದು ಮಗು ನೋಡಿಕೊಳ್ಳುವ ವ್ಯವಸ್ಥೆಗೆ, ತರಬೇತಿ ಶುಲ್ಕಕ್ಕೆ, ಉಪಕರಣಗಳಿಗೆ, ಮೊದಲ ಸಂಬಳದವರೆಗಿನ ಓಡಾಟದ ಖರ್ಚಿಗೆ. ಕಾಯಿಲೆಯಂಥ ತುರ್ತಿಗೆಂದು ಒಂದು ನಿಧಿಯನ್ನು ಬೇರೆಯೇ ಇಟ್ಟಿದ್ದೇವೆ. ಅಮೆರಿಕದಲ್ಲಿ 1990ರ ಕಾನೂನಿನಿಂದ ಬಂದ ಒಂದು ವಸತಿ ಯೋಜನೆಯಿದೆ: ಅಲ್ಲಿ ಬಾಡಿಗೆ ಆದಾಯಕ್ಕೆ ತಕ್ಕಂತೆ ಇರುವುದರಿಂದ, ದುಡಿಮೆ ಹೆಚ್ಚಾಗಿ ಬಾಡಿಗೆ ಏರಿದಾಗ, ಆ ಏರಿಕೆಗೆ ತಕ್ಕ ಮೊತ್ತ ಕುಟುಂಬಕ್ಕಾಗಿ ಒಂದು ಖಾತೆಯಲ್ಲಿ ಜಮೆಯಾಗುತ್ತ ಹೋಗುತ್ತದೆ, ಒಪ್ಪಂದದ ಅವಧಿ ಪೂರೈಸಿದಾಗ ಅವರ ಕೈಸೇರುತ್ತದೆ. ಹೆಚ್ಚು ದುಡಿದವರಿಗೆ ನಷ್ಟವಾಗಬಾರದು ಎಂಬ ಆ ವಿಚಾರ ನಮಗೆ ಹಿಡಿಸಿತು. ನಮ್ಮಲ್ಲೂ ಕುಟುಂಬ ಉಳಿಸಿದಷ್ಟೇ ಮೊತ್ತವನ್ನು ಟ್ರಸ್ಟ್ ಸೇರಿಸುತ್ತದೆ.

ಯಾವ ಕೆಲಸ ಎಂಬುದನ್ನು ಕುಟುಂಬವೇ ಆರಿಸಿಕೊಳ್ಳುತ್ತದೆ. ಸಾಲ ಕೊಡುವುದಿಲ್ಲ. ಅವರ ಮುಖ, ಹೆಸರು ಯಾವ ಪ್ರಚಾರಕ್ಕೂ ಬಳಕೆಯಾಗುವುದಿಲ್ಲ. ಕೆಲಸ ಹೋಯಿತು ಎಂಬ ಕಾರಣಕ್ಕೆ ಯಾರನ್ನೂ ಪಟ್ಟಿಯಿಂದ ತೆಗೆಯುವುದಿಲ್ಲ. ಅವರಿಗೆ ನಾವು ಹೆಚ್ಚು ಬೇಕಾಗುವುದು ಆಗಲೇ ಅಲ್ಲವೇ? ವಯಸ್ಸಾದವರು, ತೀವ್ರ ಅಂಗವೈಕಲ್ಯವುಳ್ಳವರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವವರು ಸಹಾಯಧನದಲ್ಲೇ ಮುಂದುವರಿಯಬೇಕಾದರೆ ಅದು ಅವರ ಹಕ್ಕು. ಅಂಥವರನ್ನು ದುಡಿಮೆಗೆ ದೂಡುವುದು ಈ ಕಾರ್ಯಕ್ರಮದ ಉದ್ದೇಶವಲ್ಲ.

ಒಮ್ಮೆ ಕೊಡುವ ದೊಡ್ಡ ಮೊತ್ತವನ್ನು ಕೃತಜ್ಞತೆಯಿಂದ ಸ್ವೀಕರಿಸುತ್ತೇವೆ. ಆದರೂ ಪ್ರತಿ ತಿಂಗಳು, ಎರಡು ವರ್ಷ, ನಿಮ್ಮಿಂದಾದಷ್ಟು ಕೊಡುವ ಸಂಕಲ್ಪ ಮಾಡಿದರೆ ಇನ್ನೊಂದು ಕುಟುಂಬಕ್ಕೆ ಧೈರ್ಯವಾಗಿ ಮಾತು ಕೊಡಬಹುದು. ಮೊತ್ತ ಸಣ್ಣದೆಂಬ ಸಂಕೋಚ ಬೇಡ. ಹಣ ಕೊಡಲಾಗದವರು ಕೆಲಸ ಕೊಡಿ. ಹೊಸಬರು ಕಲಿಯುವವರೆಗೆ ಕಾಯುವ ತಾಳ್ಮೆಯುಳ್ಳ ಮಾಲೀಕರು ಸಿಗುವುದು ಅಪರೂಪ. ಲೆಕ್ಕ ಬರೆಯುವುದು, ಕಂಪ್ಯೂಟರ್, ವಾಹನ ಚಾಲನೆ ಇಂಥವನ್ನು ಸಂಜೆಯ ಹೊತ್ತು ಕಲಿಸಬಲ್ಲವರೂ ಬೇಕಾಗಿದ್ದಾರೆ.

ಪ್ರತಿ ದೇಣಿಗೆಗೂ ರಸೀದಿ ಕೊಡುತ್ತೇವೆ. ವರ್ಷದ ಲೆಕ್ಕಪರಿಶೋಧನಾ ವರದಿಯನ್ನು ದಾನಿಗಳಿಗೆಲ್ಲ ಕಳುಹಿಸುತ್ತೇವೆ. ಎಷ್ಟು ಮನೆಗಳು ನೆಲೆಯೂರಿದವು, ಎಷ್ಟು ಇನ್ನೂ ಒದ್ದಾಡುತ್ತಿವೆ ಎಂಬ ವಿವರವೂ ಅದರಲ್ಲೇ ಇರುತ್ತದೆ. ಹೊಸ ತಂಡಕ್ಕೆ ಕುಟುಂಬಗಳನ್ನು ಆರಿಸುವ ಮುನ್ನ ನಮ್ಮ ಕೈಯಲ್ಲಿ ಎಷ್ಟಿದೆ ಎಂದು ತಿಳಿಯಬೇಕಿರುವುದರಿಂದ, ಕೊಡಬೇಕೆಂದಿರುವವರು ಈ ತಿಂಗಳೊಳಗೇ ತಿಳಿಸಿದರೆ ದೊಡ್ಡ ಉಪಕಾರ.

ವಿಶ್ವಾಸದಿಂದ,
ಟ್ರಸ್ಟ್‌ನ ಧರ್ಮದರ್ಶಿಗಳು ಮತ್ತು ಕಾರ್ಯಕರ್ತೆಯರು