ಹೊಲಿಗೆ ಮಿಷಿನ್ನಿನ ಮೋಟಾರು, ನಿನ್ನ ಗಿಟಾರು

ಪುಟ್ಟಿ,

ನೀನು ಕಳ್ಸಿದ್ದ ಬ್ರೆಜಿಲ್ ದೇಶದ ಓಸ್ ಮುಟಾಂಚಿಸ್ ತಂಡದ ಹಾಡುಗಳನ್ನ ಮೊದ್ಲು ಬ್ಲೌಸ್ ಹೊಲೀತಾ ಕೇಳ್ದೆ, ಆಮೇಲೆ ಮಿಷಿನ್ ನಿಲ್ಸಿ ಕೇಳ್ದೆ. ಪೋರ್ಚುಗೀಸ್ ಒಂದು ಪದಾನೂ ಗೊತ್ತಿಲ್ಲ, ಆದ್ರೂ ಎದ್ದು ಹೋಗಕ್ಕೆ ಮನಸ್ಸಾಗ್ಲಿಲ್ಲ ಕಣೇ.

ಆಮೇಲೆ ಅವರ ಬಗ್ಗೆ ಓದಕ್ಕೆ ಕೂತೆ. ಸಾವೊ ಪಾಲೊದ ಹುಡುಗರು, ರೀಟಾ ಲೀ, ಅರ್ನಾಲ್ಡೊ, ಅವನ ತಮ್ಮ ಸೆರ್ಜಿಯೊ. ಇವ್ರಿಗೆ ಗಿಟಾರು, ಪೆಡಲ್ ಎಲ್ಲ ಮನೇಲೇ ಮಾಡ್ಕೊಡ್ತಿದ್ದಿದ್ದು ದೊಡ್ಡಣ್ಣ ಕ್ಲಾಡಿಯೊ ಸೀಸರ್, ಅವನು ಹೊಲಿಗೆ ಮಿಷಿನ್ನಿನ ಮೋಟಾರ್ ಹಾಕಿ ಗಿಟಾರಿನ ದನಿ ಬದಲಾಯ್ಸೋ ಒಂದು ಎಫೆಕ್ಟ್ ಮಾಡಿದ್ನಂತೆ, ಅದನ್ನ ಓದಿದಾಗ ನನ್ನ ಕೈ ತಾನಾಗೇ ನಮ್ಮ ಮಿಷಿನ್ ಮೇಲೆ ಹೋಯ್ತು. 1968ರ ಅವರ ಮೊದಲ ರೆಕಾರ್ಡಲ್ಲಿ ಒಂದು ಫ್ರೆಂಚ್ ಹಾಡಿದೆಯಲ್ಲ, ಅದರಲ್ಲಿ ಚುಸ್ ಚುಸ್ ಅಂತ ತಾಳ ಬರುತ್ತೆ ನೋಡು, ಅದು ರೀಟಾ ಸೊಳ್ಳೆಗೆ ಹೊಡೆಯೋ ಫ್ಲಿಟ್ ಪಂಪಲ್ಲಿ ನುಡಿಸಿದ್ದು! ಇವರ ಥರದ ಸಂಗೀತಕ್ಕೆ ಸೈಕೆಡೆಲಿಕ್ ಅಂತಾರಲ್ಲ, ನಾನು ಅದು ಅಂದ್ರೆ ನಶೆ ಅಷ್ಟೇ ಅಂದ್ಕೊಂಡಿದ್ದೆ. ಎಲ್‌ಎಸ್‌ಡಿ ಅನ್ನೋ ನಶೆ ಪದಾರ್ಥ ಆಮೇಲೆ ಅವರ ಮಧ್ಯೆನೂ ಬಂತು, ಅದನ್ನ ಓದಿ ಸಂಕಟ ಆಯ್ತು, ಆದ್ರೆ ಈ ಸದ್ದುಗಳು ಮನೆ ಸಾಮಾನಿಂದ ಹುಟ್ಟಿದ್ದು.

ಇನ್ನೊಂದು ವಿಷಯ ಹೇಳ್ಬೇಕು. 1967ರ ಜುಲೈಲಿ ಸಾವೊ ಪಾಲೊದಲ್ಲಿ ಎಲೆಕ್ಟ್ರಿಕ್ ಗಿಟಾರ್ ಬೇಡ, ಅದು ನಮ್ಮ ಸಂಗೀತ ಅಲ್ಲ ಅಂತ ಮೆರವಣಿಗೆನೇ ನಡೀತು, ಎಲಿಸ್ ರೆಜಿನಾ ಅಂಥ ದೊಡ್ಡ ಹಾಡುಗಾರ್ತಿ ಅದ್ರಲ್ಲಿದ್ರು, ಹಾಡುಗಾರ ಗಿಲ್ಬರ್ಟೊ ಜಿಲ್ ಕೂಡ ಇದ್ರು. ಅದೇ ಜಿಲ್ ಮೂರೇ ತಿಂಗಳಿಗೆ, ಅಕ್ಟೋಬರಲ್ಲಿ, ಟಿವಿ ಹಾಡಿನ ಸ್ಪರ್ಧೇಲಿ ಇದೇ ಮುಟಾಂಚಿಸ್ ಹುಡುಗರನ್ನ ಗಿಟಾರ್ ಸಮೇತ ಪಕ್ಕದಲ್ಲಿ ನಿಲ್ಸ್ಕೊಂಡು ಹಾಡಿದ್ರು. ಬ್ರೆಜಿಲಿನ ಬಹಿಯಾ ಕಡೆಯ ಒಂಟಿ ತಂತಿಯ ವಾದ್ಯ ಬೆರಿಂಬಾವು, ಆರ್ಕೆಸ್ಟ್ರಾ, ಗಿಟಾರು ಮೂರೂ ಒಂದೇ ಹಾಡಲ್ಲಿ. ಎರಡನೇ ಬಹುಮಾನ ಬಂತು.

ನೀನು ವೀಣೆ ಕ್ಲಾಸ್ ಬಿಟ್ಟು ಗಿಟಾರ್ ತಂದ ದಿನ ನಾನೂ "ಇದು ನಮ್ಮದಲ್ಲ" ಅಂದಿದ್ದೆ. ನೀನು ಊಟ ಬಿಟ್ಟು ಮಲಗಿದ್ದೆ. ಅವತ್ತು ನಾನು ಹಾಗನ್ನಬಾರ್ದಿತ್ತು ಮಗಳೇ.

ಅವರ ಕಷ್ಟದ ಮುಂದೆ ನಮ್ಮ ಜಗಳ ಏನೂ ಅಲ್ಲ. ಅಲ್ಲಿ 1964ರಿಂದ ಮಿಲಿಟರಿ ಆಡಳಿತ, 1968ರ ಡಿಸೆಂಬರಲ್ಲಿ ಜಿಲ್‌ನೂ ಇನ್ನೊಬ್ಬ ಹಾಡುಗಾರ ಕಾಯೆಟಾನೊ ವೆಲೋಸೊನೂ ಹಿಡ್ಕೊಂಡು ಹೋದ್ರು, ಆಮೇಲೆ ದೇಶ ಬಿಡಿಸಿ ಕಳ್ಸಿದ್ರು, ಇಬ್ರೂ 1972ರವರೆಗೆ ಲಂಡನ್ನಲ್ಲಿದ್ರು. ಕಾಯೆಟಾನೊ ಅಮ್ಮ ಡೊನಾ ಕನೊ 105 ವರ್ಷ ಬದುಕಿದ್ರಂತೆ, ಆ ಮೂರು ವರ್ಷ ಆಕೆ ಹೇಗೆ ದಿನ ಕಳೆದ್ರೋ ಅಂತ ರಾತ್ರಿಯೆಲ್ಲ ಯೋಚನೆ. ಜಿಲ್ 2003ರಲ್ಲಿ ಅದೇ ದೇಶಕ್ಕೆ ಸಂಸ್ಕೃತಿ ಮಂತ್ರಿ ಆದ್ರು.

ಅಜ್ಜಿ ಮಿಷಿನ್ನಿಗೆ ಹಾಕ್ಸಿದ್ದ ಹಳೇ ಮೋಟಾರ್ ಅಟ್ಟದ ಮೇಲಿದೆ, ಬೆಲ್ಟ್ ಹೋಗಿದೆ ಅಷ್ಟೇ, ನಿನ್ನೆ ಪ್ಲಗ್ ಹಾಕಿ ನೋಡ್ದೆ, ತಿರುಗುತ್ತೆ. ದೀಪಾವಳಿಗೆ ಬಂದಾಗ ತಗೊಂಡು ಹೋಗು. ವೈರ್ ಬಿಚ್ಚೋ ಮುಂಚೆ ಗೊತ್ತಿರೋರ್ನ ಕೇಳು, ಕರೆಂಟ್ ವಿಷಯ.

ಅಮ್ಮ