ಪಿಎ ಆಗಬೇಕೆಂದು ಹೊರಟ ರಘುವಿಗೆ

ಪ್ರಿಯ ರಘು,

ನಿನ್ನ ವಾಯ್ಸ್ ಮೆಸೇಜನ್ನು ಡ್ಯೂಟಿ ಮುಗಿಸಿ ಕಾರಲ್ಲಿ ಕೂತು ಎರಡು ಸಲ ಕೇಳಿದೆ. "ಎರಡೂವರೆ ವರ್ಷ ಓದಿದರೆ ಅರ್ಧ ಡಾಕ್ಟರ್ ಆಗಬಹುದಂತಲ್ಲ, ನೀನು ಹೇಗೆ ಆದೆ ಹೇಳೋ" ಅಂದಿದ್ದೀಯ. ಫೋನಿನಲ್ಲಿ ಹೇಳಿ ಮುಗಿಯುವ ಕಥೆ ಅಲ್ಲ ಮಾರಾಯ. ಇದೇ ಪ್ರಶ್ನೆ ಕೇಳಿದವರು ಇನ್ನೂ ನಾಲ್ಕೈದು ಜನ ಇದ್ದಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲು ಆ 'ಅರ್ಧ ಡಾಕ್ಟರ್' ಮಾತನ್ನು ಬಿಡು. ಇಲ್ಲಿ ಅಮೆರಿಕದಲ್ಲಿ ಪಿಎ, ಅಂದರೆ ಫಿಸಿಶಿಯನ್ ಅಸಿಸ್ಟೆಂಟ್, ರೋಗಿಯನ್ನು ನೋಡುತ್ತಾನೆ, ರೋಗ ಏನೆಂದು ಹೇಳುತ್ತಾನೆ, ಔಷಧಿ ಬರೆಯುತ್ತಾನೆ, ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ ಎದುರು ನಿಂತು ಹೊಲಿಗೆ ಹಾಕುತ್ತಾನೆ. ಆದರೂ ಯಾರೂ ಅವನನ್ನು ಡಾಕ್ಟರ್ ಅಂತ ಕರೆಯುವುದಿಲ್ಲ, ಅವನೂ ಹಾಗೆ ಕರೆಸಿಕೊಳ್ಳಬಾರದು. 'ಅಸಿಸ್ಟೆಂಟ್' ಎನ್ನುವ ಪದ ನಮ್ಮವರಿಗೇ ಹಿಡಿಸದೆ 2021ರಲ್ಲಿ ನಮ್ಮ ರಾಷ್ಟ್ರೀಯ ಸಂಘ 'ಅಸೋಸಿಯೇಟ್' ಅಂತ ಬದಲಿಸಿಕೊಂಡಿತು. ಒರೆಗಾನ್ ರಾಜ್ಯ 2024ರಲ್ಲಿ ಅದನ್ನು ಕಾನೂನಿಗೂ ತಂದಿತು. ನನ್ನ ಲೈಸೆನ್ಸಿನಲ್ಲಿ ಇನ್ನೂ ಅಸಿಸ್ಟೆಂಟ್ ಅಂತಲೇ ಇದೆ. ಇದ್ದರೆ ಇರಲಿ, ರೋಗಿಗಳಿಗೆ ನಾನು ಬರೀ 'ಸುಧಿ'.

ಈ ಕೆಲಸ ಹುಟ್ಟಿದ ರೀತಿ ಗೊತ್ತಿದ್ದರೆ ದಾರಿ ಅರ್ಧ ಅರ್ಥವಾಗುತ್ತದೆ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಮೊದಲ ತರಗತಿ ಶುರು ಮಾಡಿದಾಗ ಸೇರಿಸಿಕೊಂಡದ್ದು ನಾಲ್ಕೇ ಜನರನ್ನು. ನಾಲ್ವರೂ ನೌಕಾಪಡೆಯಲ್ಲಿ ಗಾಯಾಳುಗಳ ಆರೈಕೆ ಮಾಡಿ ಬಂದಿದ್ದವರು. ಅವರ ಕೈಗೆ ಅಭ್ಯಾಸ ಆಗಲೇ ಆಗಿತ್ತು, ಪುಸ್ತಕ ಆಮೇಲೆ ಬಂತು. ಅಪ್ಲಿಕೇಶನ್ನಿನಲ್ಲಿ ಇವತ್ತಿಗೂ ನಿನ್ನನ್ನು ಕೇಳುವುದು ಅದನ್ನೇ: ರೋಗಿಯನ್ನು ನಿನ್ನ ಕೈಯಾರೆ ಎಷ್ಟು ಗಂಟೆ ನೋಡಿಕೊಂಡಿದ್ದೀಯ? ಸಾವಿರ ಗಂಟೆ ಕೇಳುವ ಕಾಲೇಜುಗಳಿವೆ, ಎರಡು ಸಾವಿರ ಕೇಳುವವೂ ಇವೆ.

ನೀನು ಎಡವುವುದು ಇಲ್ಲೇ. ಫಾರ್ಮಸಿ ಟೆಕ್ನಿಷಿಯನ್ ಆಗಿ ಮೂರು ವರ್ಷ ದುಡಿದದ್ದು ಸಾಕು ಅಂತ ನೀನು ಅಂದುಕೊಂಡಿದ್ದೀಯ. ಆದರೆ ಎಲ್ಲರೂ ಅರ್ಜಿ ಹಾಕುವ ಕ್ಯಾಸ್ಪಾ ಪೋರ್ಟಲಿನಲ್ಲಿ ಎರಡು ಖಾನೆ ಇವೆ. ಒಂದು ರೋಗಿಯ ನೇರ ಆರೈಕೆ, ಇನ್ನೊಂದು ಆರೋಗ್ಯ ಕ್ಷೇತ್ರದ ಇತರ ಅನುಭವ. ಕೌಂಟರಿನ ಆಚೆ ನಿಂತು ಮಾತ್ರೆ ಎಣಿಸಿದ್ದನ್ನು ಬಹಳ ಕಾಲೇಜುಗಳು ಎರಡನೇ ಖಾನೆಗೆ ತಳ್ಳುತ್ತವೆ. ಆಂಬ್ಯುಲೆನ್ಸಿನಲ್ಲಿ ತುರ್ತು ಆರೈಕೆ ಮಾಡುವ ಇಎಂಟಿ, ಕ್ಲಿನಿಕ್ಕಿನ ಮೆಡಿಕಲ್ ಅಸಿಸ್ಟೆಂಟ್, ನರ್ಸಿಂಗ್ ಹೋಮಿನಲ್ಲಿ ನರ್ಸಿನ ಕೈಕೆಳಗೆ ರೋಗಿಗಳನ್ನು ನೋಡಿಕೊಳ್ಳುವ ಸಿಎನ್ಎ, ಇವು ಮೊದಲ ಖಾನೆಯವು. ಡಾಕ್ಟರ ಹಿಂದೆ ನಿಂತು ಟಿಪ್ಪಣಿ ಬರೆಯುವ ಸ್ಕ್ರೈಬ್ ಕೆಲಸವನ್ನು ಒಂದೊಂದು ಕಾಲೇಜು ಒಂದೊಂದು ಥರ ಲೆಕ್ಕ ಹಿಡಿಯುತ್ತದೆ. ಕೇಳಿಕೊಂಡೇ ಹೋಗಬೇಕು.

ನಾನು ಸಿಎನ್ಎ ಆದೆ. ಫೆಡರಲ್ ನಿಯಮದ ಪ್ರಕಾರ ಕನಿಷ್ಠ 75 ಗಂಟೆ ತರಬೇತಿ, ಆಮೇಲೆ ಒಂದು ಪರೀಕ್ಷೆ, ಅಷ್ಟೇ. ರಾತ್ರಿ 11ರಿಂದ ಬೆಳಿಗ್ಗೆ 7ರ ಪಾಳಿ. ಎರಡು ಗಂಟೆಗೊಮ್ಮೆ ಮಲಗಿದವರ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಬೆಡ್‌ಪ್ಯಾನ್ ಇಡಬೇಕು, ತೆಗೆಯಬೇಕು, ತೊಳೆಯಬೇಕು. ಎಂಎಸ್ಸಿ ಮಾಡಿದ ಮಗ ಅಮೆರಿಕದಲ್ಲಿ ಏನು ಕೆಲಸ ಮಾಡುತ್ತಿದ್ದಾನೆ ಅಂತ ಅಮ್ಮ ಕೇಳಿದಾಗ "ಆಸ್ಪತ್ರೆ ಕಡೆ" ಅಂದಿದ್ದೆ. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳುತ್ತಿದ್ದೆನೋ ಇಲ್ಲವೋ.

ಅಲ್ಲೊಬ್ಬ ಅಜ್ಜ ಇದ್ದರು, ಹೃದಯ ಸೋತವರು. ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಅವರ ತೂಕ ನೋಡಿ ಬರೆಯುವುದು ನನ್ನ ಪಾಲಿನ ಕೆಲಸ. ಒಂದು ದಿನ ಹಿಂದಿನ ದಿನಕ್ಕಿಂತ 3 ಪೌಂಡ್ ಜಾಸ್ತಿ ತೋರಿಸಿತು. ತಕ್ಕಡಿಯದೇ ತಪ್ಪು ಅಂತ ಇನ್ನೊಮ್ಮೆ ನಿಲ್ಲಿಸಿದೆ, ಅಷ್ಟೇ ಬಂತು. ಕಾಲುಚೀಲ ಎಳೆದಾಗ ಅದರ ಎಲಾಸ್ಟಿಕ್ ಗುರುತು ಚರ್ಮದಲ್ಲಿ ಬಳೆಯ ಹಾಗೆ ಕೂತಿತ್ತು. ಓಡಿಹೋಗಿ ನರ್ಸಿಗೆ ಹೇಳಿದೆ. ಹೃದಯಕ್ಕೆ ತಳ್ಳಲಾಗದ ನೀರು ಮೈಯಲ್ಲಿ ನಿಲ್ಲುತ್ತದೆ, ಉಬ್ಬಸ ಬರುವ ಮೊದಲೇ ತೂಕ ಅದನ್ನು ಹೇಳುತ್ತದೆ ಅಂತ ಆಕೆ ಅವತ್ತು ಕಾರಿಡಾರಿನಲ್ಲೇ ಎರಡು ವಾಕ್ಯದಲ್ಲಿ ಪಾಠ ಮಾಡಿದರು. ನೀರು ಇಳಿಸುವ ಮಾತ್ರೆ ಹೆಚ್ಚಿಸಿದರು. ಮೂರು ವರ್ಷದ ನಂತರ ಕಾರ್ಡಿಯಾಲಜಿ ಪಾಠದಲ್ಲಿ ಇದೇ ವಿಷಯ ಬಂದಾಗ ನಾನು ನೋಟ್ಸ್ ಬರೆದುಕೊಳ್ಳಲಿಲ್ಲ, ಆ ಕಾಲುಚೀಲ ಸಾಕಾಗಿತ್ತು.

ಇನ್ನು ನಿನ್ನ ಡಿಗ್ರಿ. ನಮ್ಮ ಕಡೆಯ ಅಂಕಪಟ್ಟಿಗಳನ್ನು ಮೌಲ್ಯಮಾಪನ ಸಂಸ್ಥೆಗೆ ಕಳಿಸಿ ಇಲ್ಲಿಯ ಕ್ರೆಡಿಟ್‌ಗಳಿಗೆ ಬದಲಿಸಿಕೊಳ್ಳಬೇಕು. ಹಾಗೆ ಮಾಡಿದರೂ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ ಇವನ್ನೆಲ್ಲ ಅಮೆರಿಕದ ಕಾಲೇಜಿನಲ್ಲೇ ಓದಿರಬೇಕು ಎನ್ನುವವರು ಬಹಳ. ಕಮ್ಯುನಿಟಿ ಕಾಲೇಜಿನ ಸಂಜೆ ತರಗತಿ ಅಗ್ಗ, ಅಲ್ಲಿ ಮುಗಿಸಿಕೋ. ಇನ್ನೊಂದು ಮಾತು. ಊರಲ್ಲೇ ಪಿಎ ಡಿಗ್ರಿ ಮಾಡಿಕೊಂಡು ಬಂದರೆ ಸಾಲದೇ ಅಂತ ನಿನ್ನ ತಮ್ಮ ಕೇಳಿದ್ದನಲ್ಲ, ಸಾಲದು. ಇಲ್ಲಿಯ ಎಆರ್‌ಸಿ-ಪಿಎ ಅನ್ನುವ ಸಂಸ್ಥೆ ಮಾನ್ಯತೆ ಕೊಟ್ಟ ಕಾಲೇಜಿನಲ್ಲಿ ಓದಿದವರಿಗೆ ಮಾತ್ರ ಸರ್ಟಿಫಿಕೇಶನ್ ಪರೀಕ್ಷೆಗೆ ಕೂರಲು ಬಿಡುತ್ತಾರೆ. ಹೊರದೇಶದಲ್ಲಿ ಎಂಬಿಬಿಎಸ್ ಮಾಡಿದವರಿಗೂ ಅದೇ ನಿಯಮ.

ಮೊದಲ ವರ್ಷ ನಾನು 9 ಕಾಲೇಜಿಗೆ ಅರ್ಜಿ ಹಾಕಿದೆ. ಒಂದೂ ಸಿಗಲಿಲ್ಲ. ಅಂಕ ಕಡಿಮೆ ಅಂತ ಒಂದು ವಾರ ಊಟ ಬಿಟ್ಟೆ. ಆಮೇಲೆ ಗೊತ್ತಾದ ಕಾರಣ ಕೇಳಿದರೆ ನಗ್ತೀಯ. ಪೋರ್ಟಲ್ ಏಪ್ರಿಲ್ ಕೊನೆಗೆ ತೆರೆಯುತ್ತದೆ, ನಾನು ಕಳಿಸಿದ್ದು ಸೆಪ್ಟೆಂಬರಿನಲ್ಲಿ. ಬಹಳಷ್ಟು ಕಾಲೇಜುಗಳು ಕೊನೆಯ ದಿನಾಂಕದವರೆಗೆ ಕಾಯದೆ ಅರ್ಜಿ ಬಂದ ಹಾಗೆ ಇಂಟರ್‌ವ್ಯೂಗೆ ಕರೆದು ಸೀಟು ತುಂಬಿಕೊಳ್ಳುತ್ತವೆ. ನಾನು ಮದುವೆ ಮನೆಗೆ ಎಲೆ ಎತ್ತಿದ ಮೇಲೆ ಹೋದ ಹಾಗಾಯಿತು. ಮರುವರ್ಷ ಜೂನ್ ಮೊದಲ ವಾರವೇ ಕಳಿಸಿದೆ, ಎರಡು ಕಡೆ ಸಿಕ್ಕಿತು. ಅಂಕಪಟ್ಟಿ ಅದೇ, ಮನುಷ್ಯನೂ ಅವನೇ.

ಓದಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸುಮಾರು 27 ತಿಂಗಳು, ಮೊದಲ ವರ್ಷ ತರಗತಿ, ಆಮೇಲೆ ಆಸ್ಪತ್ರೆಗಳಲ್ಲಿ ಸರದಿ: ಮಕ್ಕಳ ವಿಭಾಗ, ಸರ್ಜರಿ, ಎಮರ್ಜೆನ್ಸಿ, ಹೆರಿಗೆ, ಮನೋರೋಗ, ಎಲ್ಲಾ. ಕಷ್ಟ ಹೌದು, ಆದರೆ ನೀನು ಓದುವವನು, ದಾಟುತ್ತೀಯ. ದುಡ್ಡಿನದ್ದು ಮಾತ್ರ ಕೂತು ಲೆಕ್ಕ ಹಾಕು. ಒಟ್ಟು ಫೀಸು 1 ಲಕ್ಷ ಡಾಲರ್ ದಾಟುವ ಕಾಲೇಜುಗಳು ಬಹಳ, ಓದುವಾಗ ಕೆಲಸ ಮಾಡಬೇಡಿ ಅಂತ ಅವರೇ ಹೇಳುತ್ತಾರೆ. ನಿನಗೆ ಗ್ರೀನ್ ಕಾರ್ಡ್ ಬಂದಿದೆ, ಫೆಡರಲ್ ಸಾಲ ಕೇಳಬಹುದು. ಆದರೆ ನನ್ನ ಕಾಲದಲ್ಲಿ ಪೂರ್ತಿ ಖರ್ಚಿಗೆ ಸಿಗುತ್ತಿದ್ದ ಗ್ರಾಡ್ ಪ್ಲಸ್ ಸಾಲವನ್ನು 2025ರ ಕಾನೂನು ನಿಲ್ಲಿಸಿದೆ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಅದಿಲ್ಲ. ನಿನ್ನ ಹೆಂಡತಿಯ ಹತ್ತಿರ ಇದನ್ನು ಮೊದಲು ಮಾತಾಡು, ನನ್ನ ಹತ್ತಿರ ಆಮೇಲೆ.

ಆ ಸರ್ಟಿಫಿಕೇಶನ್ ಪರೀಕ್ಷೆಗೆ ಪ್ಯಾನ್ಸ್ ಅಂತಾರೆ. 300 ಪ್ರಶ್ನೆ, 60ರಂತೆ ಐದು ಕಂತು, ಕಂತಿಗೊಂದು ಗಂಟೆ. 200ರಿಂದ 800ರ ಅಳತೆಯಲ್ಲಿ 350 ಬಂದರೆ ಪಾಸು. ಡುಮ್ಕಿ ಹೊಡೆದರೆ 90 ದಿನ ಕಾಯಬೇಕು. ಓದು ಮುಗಿದ ಮೇಲೆ ಆರು ವರ್ಷ ಅಥವಾ ಆರು ಪ್ರಯತ್ನ, ಯಾವುದು ಮೊದಲೋ ಅಲ್ಲಿಗೆ ಬಾಗಿಲು ಮುಚ್ಚಿತು. ನಾಲ್ಕನೇ ಕಂತಿನ ಹೊತ್ತಿಗೆ ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿದಾಡುತ್ತವೆ. ಬ್ರೇಕಿನ ಸಮಯ ಆ ಹೊತ್ತಿಗೆ ಉಳಿಸಿಕೋ.

ಪಾಸಾದ ದಿನ ಎಲ್ಲರೂ ಅಭಿನಂದನೆ ಹೇಳಿದರು. ಆ ದಿನಕ್ಕೂ ಮೊದಲ ಸಂಬಳಕ್ಕೂ ನಡುವೆ ನಾಲ್ಕು ತಿಂಗಳು ಇದ್ದವು ಅಂತ ಯಾರೂ ಹೇಳಿರಲಿಲ್ಲ. ಪ್ಯಾನ್ಸ್ ಕೊಡುವುದು ಹೆಸರಿನ ನಂತರ 'ಪಿಎ-ಸಿ', ಅಂದರೆ ಸರ್ಟಿಫೈಡ್ ಪಿಎ, ಅಂತ ಬರೆದುಕೊಳ್ಳುವ ಹಕ್ಕು ಮಾತ್ರ. ರೋಗಿಯನ್ನು ಮುಟ್ಟಲು ರಾಜ್ಯದ ಲೈಸೆನ್ಸ್ ಬೇಕು. ಕಾಲೇಜಿನಿಂದ ಕಾಗದ ನೇರವಾಗಿ ಬೋರ್ಡಿಗೆ ಹೋಗಬೇಕು, ಪರೀಕ್ಷೆಯವರ ದೃಢೀಕರಣ ಬೇರೆ, ಹಿನ್ನೆಲೆ ತನಿಖೆಗೆ ಬೆರಳಚ್ಚು ಬೇರೆ. ನನ್ನ ಬೆರಳಚ್ಚು ಎರಡು ಸಲ ತಿರಸ್ಕೃತವಾಯಿತು! ದಿನಕ್ಕೆ ಐವತ್ತು ಸಲ ಕೈ ತೊಳೆದು, ಸ್ಯಾನಿಟೈಸರ್ ಹಚ್ಚಿ, ಬೆರಳ ಗೆರೆಗಳೇ ಸವೆದಿದ್ದವು. ಯಂತ್ರದ ಮುಂದೆ ಕೂತಿದ್ದಾಕೆ "ರಾತ್ರಿ ಲೋಷನ್ ಹಚ್ಚಿ ಮಲಗು, ಒಂದು ವಾರ ಬಿಟ್ಟು ಬಾ" ಅಂದರು. ಮೂರನೇ ಸಲಕ್ಕೆ ಹಿಡಿಯಿತು.

ಲೈಸೆನ್ಸ್ ಬಂದ ಮೇಲೂ ಮುಗಿಯಲಿಲ್ಲ. ನೋವಿನ ಗಟ್ಟಿ ಮಾತ್ರೆಗಳನ್ನು ಬರೆಯಲು ಡಿಇಎ, ಅಂದರೆ ಮಾದಕ ಔಷಧಿಗಳ ಮೇಲೆ ಕಣ್ಣಿಡುವ ಫೆಡರಲ್ ಇಲಾಖೆಯ, ನೋಂದಣಿ ಬೇಕು, ಮೂರು ವರ್ಷಕ್ಕೆ 888 ಡಾಲರ್. ಕೆಲಸ ಕೊಟ್ಟವರೇ ಕಟ್ಟುತ್ತಾರೋ ಅಂತ ಮೊದಲೇ ಕೇಳು, ನಾಚಿಕೆ ಬೇಡ, ನಾನು ನಾಚಿಕೊಂಡು ಕಳೆದುಕೊಂಡೆ. ಆಮೇಲೆ ಆಸ್ಪತ್ರೆಯವರು ಕ್ರೆಡೆನ್ಷಿಯಲಿಂಗ್ ಅಂತ ನಿನ್ನ ಜಾತಕವನ್ನು ಮತ್ತೊಮ್ಮೆ ಜಾಲಾಡುತ್ತಾರೆ, ಅದೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಇಲ್ಲಿ ಓಹಾಯೋದಲ್ಲಿ ಡಾಕ್ಟರೊಬ್ಬರ ಜೊತೆ ಮೇಲ್ವಿಚಾರಣೆಯ ಒಪ್ಪಂದವೂ ಆಗಬೇಕು. ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ನಿನ್ನ ರಾಜ್ಯದ ಬೋರ್ಡಿನ ಪುಟವನ್ನೇ ಓದಿಕೋ. ಅಂತೂ ಕೊನೆಯ ಸೆಮಿಸ್ಟರಿನಲ್ಲಿ ಇರುವಾಗಲೇ ನಾಲ್ಕು ತಿಂಗಳ ಬಾಡಿಗೆ ಎತ್ತಿಟ್ಟುಕೋ.

ಈಗ ನೀನು ಮಾಡಬೇಕಾದ್ದು ಎರಡೇ. ಅಂಕಪಟ್ಟಿ ಮೌಲ್ಯಮಾಪನಕ್ಕೆ ಕಳಿಸು, ಹತ್ತಿರದ ಸಿಎನ್ಎ ತರಬೇತಿಗೆ ಹೆಸರು ಕೊಡು. ನೀನು ಕಳಿಸಿದ ಪರ್ಸನಲ್ ಸ್ಟೇಟ್‌ಮೆಂಟ್ ಓದಲಿಲ್ಲ, ಓದುವುದೂ ಇಲ್ಲ. 5000 ಅಕ್ಷರಕ್ಕೆ ಮೀರದ ಹಾಗೆ ಬರೆಯಬೇಕು ಅದನ್ನು, ಸದ್ಯಕ್ಕೆ ನಿನ್ನ ಹತ್ತಿರ ಬರೆಯಲು ಒಬ್ಬ ರೋಗಿಯೂ ಇಲ್ಲ. ಮೊದಲ ರಾತ್ರಿ ಪಾಳಿ ಮುಗಿಸಿ ಕಾರಿಗೆ ಬಂದು ಕೂತಾಗ ಫೋನ್ ಮಾಡು, ಆ ಹೊತ್ತಿಗೆ ನಾನು ಡ್ಯೂಟಿಗೆ ಹೊರಟಿರುತ್ತೇನೆ. ಶೂ ಅರ್ಧ ಸೈಜ್ ದೊಡ್ಡದು ತಗೋ. ಬೆಳಗಾಗುವಷ್ಟರಲ್ಲಿ ಕಾಲು ಊದಿಕೊಂಡಿರುತ್ತದೆ.

ನಿನ್ನ,
ಸುಧಿ