ದೂರು: ಸರಿಯಾಗಿ ಟೆಸ್ಟ್ ಮಾಡದ ಗೇರ್‌ಬಾಕ್ಸ್ ಬಿಚ್ಚಾಕ 1,85,000 ಎಸ್ಟಿಮೇಟ್ ಕೊಟ್ಟದ್ದರ ಬಗ್ಗೆ

ಸರ್ವಿಸ್ ಮ್ಯಾನೇಜರ್ ಸಾಹೇಬ್ರಿಗೆ ನಮಸ್ಕಾರ್ರೀ,

ನಾನು ಗದಗದಾಂವ. ನನ್ನ 2011ರ ಮಾಡೆಲ್ ಫೋರ್ ಬೈ ಫೋರ್ ಡೀಸಲ್ ಆಟೋಮ್ಯಾಟಿಕ್ ಗಾಡಿ ಹೋದ ವಾರ ನಿಮ್ಮ ಹುಬ್ಬಳ್ಳಿ ವರ್ಕ್‌ಶಾಪ್‌ನ್ಯಾಗ ಬಿಟ್ಟಿದ್ದೆ. ಕೈಗೆ ಬಂದದ್ದು ಎರಡ ಕಾಗದ, ಒಂದು 2,800 ರೂಪಾಯಿ ಡಯಾಗ್ನೋಸಿಸ್ ಬಿಲ್, ಇನ್ನೊಂದು ಗೇರ್‌ಬಾಕ್ಸ್ ಪೂರಾ ಓವರ್‌ಹಾಲ್ ಮಾಡಾಕ 1,85,000ದ ಎಸ್ಟಿಮೇಟ್. ಏನು ಕೆಟ್ಟೈತಿ ಅಂತ ಎರಡರಾಗೂ ಒಂದ್ ಸಾಲಿಲ್ಲ.

ಬಿಡೋವಾಗ ನಾನು ಬಿಡಿಸಿ ಹೇಳೇನ್ರೀ. ಗದಗ ಬಿಟ್ಟಾಗ ಏನೂ ತಕರಾರಿಲ್ಲ, ಅಣ್ಣಿಗೇರಿ ದಾಟಿ ಗೇರ್‌ಬಾಕ್ಸ್ ಎಣ್ಣಿ ಕಾದ ಮ್ಯಾಲೆ ಗೇರ್ ಎರಡರಿಂದ ಮೂರಕ್ಕ ಹೋಗೋವಾಗ ಇಂಜಿನ್ ಭರ್ರ್ ಅಂತ ಒದರತೈತಿ, ಗಾಡಿ ಎಳಿಯಂಗಿಲ್ಲ, ಆಮ್ಯಾಲೆ ಧಡಕ್ ಅಂತ ಗೇರ್ ಬೀಳತೈತಿ, ಓವರ್‌ಡ್ರೈವ್ ಲೈಟ್ ಮಿಣುಕಾಕ ಹತ್ತತೈತಿ. ಮಳಿಗಾಲದಾಗ ಬೆಣ್ಣಿಹಳ್ಳದ ನೀರು ದಾಟಿಸಿದ ಮ್ಯಾಲಿಂದ ಇದು ಶುರು ಆಗೇತಿ, ಬ್ರೀದರ್ ಪೈಪು (ಗೇರ್‌ಬಾಕ್ಸ್‌ಗೆ ಗಾಳಿ ಆಡೋ ಪೈಪು), ಗೇರ್‌ಬಾಕ್ಸ್ ವೈರಿನ ಕನೆಕ್ಟರ್ ಒಮ್ಮೆ ನೋಡ್ರಿ ಅಂತನೂ ಅಂದಿದ್ದೆ. ನಿಮ್ಮ ಅಡ್ವೈಸರ್ ಜಾಬ್ ಕಾರ್ಡ್‌ನ್ಯಾಗ ಬರದದ್ದು ‘ಗೇರ್ ಪ್ರಾಬ್ಲಮ್’, ಅಷ್ಟ.

ಇನ್ನ ಟೆಸ್ಟ್ ಮಾಡಿದ ವೈಖರಿ. ನಿಮ್ಮ ಹುಡುಗ ಇಂಜಿನ್ ಬಂದ್ ಇದ್ದಾಗ, ಗಾಡಿ ತಣ್ಣಗಿದ್ದಾಗ ಎಣ್ಣಿ ಅಳಿಯೋ ಡಿಪ್‌ಸ್ಟಿಕ್ ತಗದು ಒರಸಿ ಒಳಗ ಇಟ್ಟ. ಅದರ ಮ್ಯಾಲೆ ಹಾಟ್, ಕೋಲ್ಡ್ ಅಂತ ಎರಡ್ ಗುರ್ತ ಅದಾವು, ಎಣ್ಣಿ ಕಾಯಿಸಿ, ಲಿವರ್ ಎಲ್ಲಾ ಗೇರಿಗೂ ಹಾಕಿ ತಗದು, ಇಂಜಿನ್ ಚಾಲೂ ಇಟ್ಟ ಪಾರ್ಕ್‌ನ್ಯಾಗ ನೋಡ್ರಿ ಅಂತ ಮ್ಯಾನ್ಯುವಲ್ ಹೇಳತೈತಿ. ಟೆಸ್ಟ್ ಡ್ರೈವ್ ಅಂದ್ರ ಗೇಟಿನ ತನಕ ಹೋಗಿ ಹೊಳ್ಳಿ ಬಂದದ್ದು. ಕಾದಾಗಷ್ಟ ಬರೋ ರೋಗ ಗೇಟಿನ ತನಕ ಹೋದ್ರ ಹೆಂಗ ಕಾಣಬೇಕ್ರೀ? ಕಾದ್ರ ಎಣ್ಣಿ ತೆಳ್ಳಗಾಗತೈತಿ, ಸೀಲ್ ಸವದಿದ್ರ ಪ್ರೆಶರ್ ಅಲ್ಲೇ ಸೋರತೈತಿ, ಇಲ್ಲಾ ಯಾವುದರ ಸೊಲಿನಾಯ್ಡ್ (ಎಣ್ಣಿ ದಾರಿ ತಗದು ಮುಚ್ಚೋ ಕರೆಂಟಿನ ವಾಲ್ವ್) ಕಾದಾಗ ಕೈ ಕೊಡತಿರತೈತಿ.

ಸ್ಕ್ಯಾನರ್ ಹಚ್ಚಿ ಪಿ 0700 ಬಂತು ಅಂದ್ರಿ. ಅದು ಗೇರ್‌ಬಾಕ್ಸ್ ಕಂಪ್ಯೂಟರ್‌ನ್ಯಾಗ ಬ್ಯಾರೆ ಕೋಡ್ ಐತಿ, ಅಲ್ಲಿ ನೋಡ್ರಿ ಅಂತ ಹೇಳೋ ಕೋಡ್. ಯಾರೋ ಬಾಗಲಾ ಬಡದಾರ ಅಂತ ಗೊತ್ತಾತು, ತಗದು ಯಾರು ಅಂತ ನೋಡಲೇ ಇಲ್ಲ ನೀವು. ಮ್ಯಾಲೆ ಅದನ್ನ ಕ್ಲಿಯರ್ ಬ್ಯಾರೆ ಮಾಡಿಬಿಟ್ರಿ, ಒಳಗಿನ ಕೋಡ್ ಏನಿತ್ತು ಅಂತ ಈಗ ಯಾರಿಗೂ ಗೊತ್ತಿಲ್ಲ. ನನಗ ಭಾಳ ಸಿಟ್ಟು ಬಂದದ್ದು ಇದಕ್ಕ.

‘ಫೋರ್ ವ್ಹೀಲ್ ಹಾಕಿ ಓಡ್ಸಿರಬೇಕು’ ಅಂತ ನಿಮ್ಮ ಹೆಡ್ ಮೆಕ್ಯಾನಿಕ್ ಅಂದಾರ. ಅದರಿಂದ ಟ್ರಾನ್ಸ್‌ಫರ್ ಕೇಸ್, ಅಂದ್ರ ಮುಂದಿನ ಹಿಂದಿನ ಗಾಲಿಗೆ ಶಕ್ತಿ ಹಂಚೋ ಡಬ್ಬಿ, ಕೆಟ್ಟು ಜಾರಿದ್ರ ಎಲ್ಲಾ ಗೇರ್‌ನ್ಯಾಗೂ ಜಾರಬೇಕಿತ್ತು, ಎರಡರಿಂದ ಮೂರಕ್ಕ ಅಷ್ಟ ಯಾಕ?

ನಾನು ಕೇಳೂದು ಇಷ್ಟ. 2,800 ವಾಪಸ್ ಕೊಡ್ರಿ, ಇಲ್ಲಾ ಅದ ರೊಕ್ಕದಾಗ ಟೆಸ್ಟ್ ಸರಿಯಾಗಿ ಮಾಡ್ರಿ. ಗಾಡಿ ಕಾಯೂ ತನಕ ಅಣ್ಣಿಗೇರಿ ರೋಡಿಗೆ ಓಡಿಸಿ ಗೇರ್‌ಬಾಕ್ಸ್‌ದ್ದ ಕೋಡ್ ತಗೀರಿ, ಕ್ಲಿಯರ್ ಮಾಡೂಕಿಂತ ಮೊದ್ಲ ಪ್ರಿಂಟ್ ಕೊಡ್ರಿ. ಕನೆಕ್ಟರ್ ಬಿಚ್ಚಿ ಕಿಲುಬು ಹಿಡದೈತೇನು ನೋಡ್ರಿ. ಗೇಜ್ ಹಚ್ಚಿ ಲೈನ್ ಪ್ರೆಶರ್ (ಗೇರ್‌ಬಾಕ್ಸ್ ಎಣ್ಣಿ ಒತ್ತಡ) ತಣ್ಣಗಿದ್ದಾಗೊಮ್ಮೆ ಕಾದಾಗೊಮ್ಮೆ ಬರಕೊಳ್ರಿ. ಆಮ್ಯಾಲೆ ಆಯಿಲ್ ಪ್ಯಾನ್ ಇಳಸ್ರಿ, ನಾನು ಎದುರಿಗೆ ಇರತೇನಿ. ಎಣ್ಣಿ ಗುಲಾಬಿ ಹಾಲಿನಂಗ ಆಗಿದ್ರ ನೀರು ಹೊಕ್ಕೈತಿ. ಮ್ಯಾಗ್ನೆಟ್ ಮ್ಯಾಲೆ ಬೂದು ಬಣ್ಣದ ಸಣ್ಣ ಪುಡಿ ಈ ವಯಸ್ಸಿನ ಗಾಡಿಗೆ ಇರೂದ, ಕಬ್ಬಿಣದ ಚೂರು, ಕ್ಲಚ್ ತುಂಡು ಸಿಕ್ರ ಬಿಚ್ರಿ, ನಾನ ಹೂಂ ಅಂತೇನಿ.

ಹದಿನೈದ್ ದಿನದಾಗ ಬರವಣಿಗ್ಯಾಗ ಉತ್ತರ ಬರಲಿಲ್ಲಂದ್ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಹಚ್ಚಿ ದೂರು ಕೊಡ್ತೇನಿ, ಆಮ್ಯಾಲೆ ಗದಗ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾನಿರೋ ಊರಾಗ ಕೇಸ್ ಹಾಕಬಹುದು, ನೀವ ಅಲ್ಲಿಗೆ ಬರಬೇಕಾಗತೈತಿ.

ಬಿಲ್, ಎಸ್ಟಿಮೇಟ್, ಜಾಬ್ ಕಾರ್ಡ್ ಫೋಟೋ ಜೋಡಿಗೆ ಕಳಿಸೇನಿ.

ಇಂತಿ,
ನಿಮ್ಮ ಗಿರಾಕಿ, ಗದಗ